ನಾಲೆ ಏರಿಯ ರಸ್ತೆಗೆ 32ರ ಟೈರು: ಕಾಂಟಿನೆಂಟಲ್ ಗ್ರ್ಯಾಂಡ್ ಪ್ರಿ 5000 ತಗೊಳ್ಳಬಹುದಾ?

ಕಾಂಟಿನೆಂಟಲ್ ಕಂಪನಿಯ ಗ್ರ್ಯಾಂಡ್ ಪ್ರಿ 5000 ರೋಡ್ ಸೈಕಲ್ಲಿನ ರೇಸ್ ಟೈರು. ಕಂಪನಿ ಇದನ್ನು ಮಾಡಿರುವುದು ನುಣುಪು ಡಾಂಬರಿಗೆ. ನಮ್ಮಲ್ಲಿ ಹಲವರು ಕೊಳ್ಳುತ್ತಿರುವುದು ಮಾತ್ರ ಶ್ರೀರಂಗಪಟ್ಟಣ, ಅರಕೆರೆ, ಬನ್ನೂರು, ತಿರುಮಕೂಡಲು ನರಸೀಪುರ, ತಲಕಾಡು ಕಡೆ ಕಾವೇರಿಯ ಜೊತೆಜೊತೆಗೆ ಸಾಗುವ ಊರ ರಸ್ತೆಗಳಿಗೆ, ಪಾಂಡವಪುರ–ಮಂಡ್ಯ ಸುತ್ತಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಗಳಿಗೆ. ಗದ್ದೆ, ಕಬ್ಬು, ತೆಂಗಿನ ತೋಟ, ಅಲ್ಲೊಂದು ಆಲೆಮನೆ, ಗಂಟೆಗೊಂದು ಬಸ್ಸು. ರೋಡ್ ಸೈಕಲ್ ತುಳಿಯುವವರಿಗೆ ಹಳೇ ಮೈಸೂರು ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ರಸ್ತೆ ಸಿಗುವುದು ಕಷ್ಟ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆ ಸೈಕಲನ್ನೂ ನಿಷೇಧಿಸಿದ ಮೇಲಂತೂ ಸರ್ವಿಸ್ ರಸ್ತೆಯ ಧೂಳು ಬೇಡವೆನ್ನುವವರೆಲ್ಲ ಒಳದಾರಿಗೇ ಇಳಿದಿದ್ದಾರೆ. ಹಾಗಾಗಿ ಈ ವಿಮರ್ಶೆ ಆ ಒಳದಾರಿಗಳ ಲೆಕ್ಕದಲ್ಲೇ ಇದೆ. ನುಣುಪು ರಸ್ತೆಯಲ್ಲಿ ಈ ಟೈರು ಎಷ್ಟು ಚೆನ್ನ ಎಂದು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ತೀರ್ಪು ಮೊದಲೇ ಕೇಳುವವರಿಗೆ: 32 ಮಿ.ಮೀ. ಅಗಲದ್ದನ್ನೇ ತಗೊಂಡು, ಗಾಳಿಯ ಒತ್ತಡವನ್ನು 60 ಪಿಎಸ್‌ಐ ಆಸುಪಾಸಿಗೆ ಇಳಿಸಿ ಓಡಿಸುವುದಾದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. 25 ತಗೊಂಡು 100 ಪಿಎಸ್‌ಐ ತುಂಬಿಸುವ ಅಭ್ಯಾಸದವರು ಈ ರಸ್ತೆಗಳಿಗೆ ಇದನ್ನು ಕೊಳ್ಳುವುದೇ ಬೇಡ. ಅಷ್ಟು ಗಟ್ಟಿ ಗಾಳಿಯಲ್ಲಿ ಈ ಟೈರಿನ ಅರ್ಧ ಗುಣ ಹೊರಗೇ ಬರುವುದಿಲ್ಲ.

ಕೊಳ್ಳುವಾಗ ಹೆಸರಿನಲ್ಲಿ ಗೊಂದಲವಾಗುತ್ತದೆ. 2018ರ ಕೊನೆಯಲ್ಲಿ ಬಂದ ಮೂಲ ಗ್ರ್ಯಾಂಡ್ ಪ್ರಿ (ಜಿಪಿ) 5000 ಟ್ಯೂಬ್ ಹಾಕಿ ಬಳಸುವ ಮಡಚುವ ಟೈರು. 2021ರಲ್ಲಿ ಬಂದ ಜಿಪಿ 5000 ಎಸ್ ಟಿಆರ್ ಟ್ಯೂಬ್‌ಲೆಸ್. 2023ರಲ್ಲಿ ಬಂದ ಎಎಸ್ ಟಿಆರ್ ಅದರದೇ ಸ್ವಲ್ಪ ಗಟ್ಟಿಮುಟ್ಟಾದ, ಎಲ್ಲ ಕಾಲಕ್ಕೂ ಎಂದು ಮಾಡಿದ ತಮ್ಮ. ಮೂರಕ್ಕೂ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 5000 ಎಂದೇ ಇರುತ್ತದೆ, ಚಿಕ್ಕಕ್ಷರ ನೋಡದೆ ಆರ್ಡರ್ ಮಾಡಿದರೆ ಬೇರೆಯದೇ ಮನೆಗೆ ಬರುತ್ತದೆ. ಇಲ್ಲಿ ಮುಖ್ಯವಾಗಿ ಮಾತಾಡುತ್ತಿರುವುದು ಮೂಲದ, ಟ್ಯೂಬ್ ಹಾಕುವ 32ರ ಬಗ್ಗೆ. ಬದಿಯಲ್ಲಿ 32-622 (ಟೈರಿನ ಅಗಲ, ರಿಮ್ಮಿನ ವ್ಯಾಸ, ಮಿ.ಮೀ.ಗಳಲ್ಲಿ) ಎಂದು ಅಚ್ಚಾಗಿರಬೇಕು. ಒಂದರ ತೂಕ 300 ಗ್ರಾಂ ಆಸುಪಾಸು. ನಿಮ್ಮ ರಿಮ್ ಹುಕ್‌ಲೆಸ್ ಆಗಿದ್ದರೆ, ಅಂದರೆ ಒಳ ಅಂಚಿನಲ್ಲಿ ಟೈರನ್ನು ಹಿಡಿದುಕೊಳ್ಳುವ ಕೊಕ್ಕೆಯಂಥ ಮಡಿಕೆ ಇಲ್ಲದಿದ್ದರೆ, ಈ ಮೂಲದ ಟೈರನ್ನು ಹಾಕಲೇಬಾರದು. ಅಂಥ ರಿಮ್ಮಿಗೆ ಟಿಆರ್ ಮಾತ್ರ, ಅದೂ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟದಂತೆ. ಇದರಲ್ಲಿ ಹೊಂದಾಣಿಕೆ ಮಾಡಿಕೊಳ್ಳಲು ಹೋದರೆ ಇಳಿಜಾರಿನಲ್ಲಿ ಟೈರು ರಿಮ್ಮಿನಿಂದ ಎದ್ದು ಬರುತ್ತದೆ.

ಇನ್ನೊಂದು, 32 ನಿಮ್ಮ ಸೈಕಲ್ಲಿಗೆ ಹಿಡಿಸುತ್ತದಾ ಎನ್ನುವುದು. ಡಿಸ್ಕ್ ಬ್ರೇಕಿನ ಈಚಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ರಿಮ್ ಬ್ರೇಕಿನ ರೇಸ್ ಸೈಕಲ್ಲುಗಳಲ್ಲಿ ಬ್ರೇಕಿನ ಕಮಾನೇ 28ಕ್ಕೆ ಮುಗಿದುಹೋಗುತ್ತದೆ. ಅಳೆಯಲು ಸುಲಭದ ಉಪಾಯ: ಈಗಿರುವ ಟೈರಿನ ನಿಜವಾದ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆದು 32ರಿಂದ ಕಳೆಯಿರಿ, ಬಂದದ್ದನ್ನು ಎರಡರಿಂದ ಭಾಗಿಸಿ. ಒಂದೊಂದು ಬದಿಗೂ ಅಷ್ಟು ಜಾಗ ಹೋಗುತ್ತದೆ, ಫೋರ್ಕಿನ ತಲೆಯ ಕಡೆ ಭಾಗಿಸದ ಪೂರ್ತಿ ವ್ಯತ್ಯಾಸದಷ್ಟು. ಅದು ಹೋದ ಮೇಲೂ ಚೈನ್‌ಸ್ಟೇ (ಹಿಂದಿನ ಚಕ್ರದ ಅಕ್ಕಪಕ್ಕದ ಕೊಳವೆ), ಫೋರ್ಕಿನ ಒಳಬದಿ, ಫೋರ್ಕಿನ ತಲೆ ಮೂರೂ ಕಡೆ 4 ಮಿ.ಮೀ. ಅಲೆನ್ ಕೀ ಸಲೀಸಾಗಿ ನುಸುಳುವಷ್ಟು ಸಂದು ಉಳಿಯಬೇಕು. ಮಣ್ಣು ಮೆತ್ತಿಕೊಳ್ಳುವ ರಸ್ತೆಗೆ 4 ಎನ್ನುವುದೂ ಬಿಗಿಯೇ. 6 ಇದ್ದರೆ ನೆಮ್ಮದಿ. ಮಡ್‌ಗಾರ್ಡ್ ಹಾಕುವವರು ಇನ್ನೂ 5 ಮಿ.ಮೀ. ಸೇರಿಸಿಕೊಳ್ಳಬೇಕು. ರಿಮ್ಮಿನ ಒಳ ಅಗಲ 17ರಿಂದ 21 ಮಿ.ಮೀ. ಇದ್ದರೆ ಟೈರು ತನ್ನ ಆಕಾರದಲ್ಲಿ ನಿಲ್ಲುತ್ತದೆ.

ಈಗ ಟೈರಿನ ಒಳಗೆ ಏನಿದೆ ನೋಡೋಣ, ಏಕೆಂದರೆ ಎಲ್ಲಿ ಬಾಳುತ್ತದೆ, ಎಲ್ಲಿ ಕೈಕೊಡುತ್ತದೆ ಎನ್ನುವುದು ಅಲ್ಲೇ ತೀರ್ಮಾನವಾಗಿದೆ. ನೆಲ ಮುಟ್ಟುವ ರಬ್ಬರಿಗೆ ಕಂಪನಿ ಇಟ್ಟ ಹೆಸರು ಬ್ಲ್ಯಾಕ್ ಚಿಲಿ. ಅದರ ಕೆಳಗೆ ವೆಕ್ಟ್ರಾನ್ ಎಂಬ ಕೃತಕ ನೂಲಿನ ತೆಳು ಪಟ್ಟಿ. ಈ ಪಟ್ಟಿ ಟೈರಿನ ನೆತ್ತಿಯುದ್ದಕ್ಕೂ ಇದೆ, ಆದರೆ ನೆತ್ತಿಗೆ ಮಾತ್ರ. ಬದಿಗೆ ಬಂದರೆ ತೆಳ್ಳಗಿನ ನೂಲಿನ ಪದರ, ಅದರ ಮೇಲೆ ಚೂರು ರಬ್ಬರು, ಮುಗಿಯಿತು. ಹಿಂದಿನ ಜಿಪಿ 4000 ಎಸ್ 2ಗಿಂತ ಉರುಳುವಾಗಿನ ಎಳೆತ 12% ಕಡಿಮೆ, ಪಂಚರ್ ತಡೆಯುವ ಶಕ್ತಿ 20% ಹೆಚ್ಚು ಎಂದು ಕಂಪನಿ ಹೇಳಿಕೊಂಡಿತ್ತು. ಮೊದಲನೆಯದನ್ನು ನಂಬಲು ಕಷ್ಟವಿಲ್ಲ. ಸೈಕಲ್ಲಿನ ಜೊತೆಗೇ ಬಂದ ತಂತಿ ಅಂಚಿನ ದಪ್ಪ ಟೈರು ತೆಗೆದು ಇದನ್ನು ಹಾಕಿದ ದಿನವೇ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ, ತುಳಿಯುವುದು ನಿಲ್ಲಿಸಿದರೂ ಸೈಕಲ್ ತುಸು ದೂರ ಹೆಚ್ಚೇ ಓಡುತ್ತದೆ. ಎರಡನೆಯ ಮಾತಿಗೆ ಮಾತ್ರ ಯಾವ ರಸ್ತೆ, ಯಾವ ಮುಳ್ಳು ಎಂದು ಕೇಳಬೇಕು.

ಗಾಜಿನ ಚೂರು, ಜಲ್ಲಿಯ ಹರಿತ ಅಂಚು ಇಂಥವನ್ನು ವೆಕ್ಟ್ರಾನ್ ಚೆನ್ನಾಗಿಯೇ ತಡೆಯುತ್ತದೆ. ಕೊಯ್ಯಲು ಬಂದದ್ದಕ್ಕೆ ನೂಲು ಅಡ್ಡ ನಿಲ್ಲುತ್ತದೆ. ಆದರೆ ಜಾಲಿ ಮುಳ್ಳು ಕೊಯ್ಯುವುದಿಲ್ಲ, ಚುಚ್ಚುತ್ತದೆ. ಸೂಜಿಯಂಥ ತುದಿ ನೂಲುಗಳ ನಡುವೆ ಸಂದು ಮಾಡಿಕೊಂಡು ಒಳಗೆ ಹೋಗುತ್ತದೆ, ನೂಲು ಒಂದೂ ಹರಿದಿರುವುದಿಲ್ಲ. ಕರಿಜಾಲಿಯಾಗಲಿ ಬಳ್ಳಾರಿ ಜಾಲಿಯಾಗಲಿ, ರಸ್ತೆ ಬದಿಯ ಬೇಲಿ ಸವರಿದ ವಾರದಲ್ಲಿ ಅಂಚಿನ ಒಂದೂವರೆ ಅಡಿಯಲ್ಲಿ ಒಣಗಿದ ಕಡ್ಡಿಗಳು ಬಿದ್ದೇ ಇರುತ್ತವೆ. ಟೈರು ಎಷ್ಟೇ ದುಬಾರಿಯಾಗಲಿ, ಅಲ್ಲಿ ಹತ್ತಿಸಬಾರದು. ಲಾರಿ ಇಲ್ಲದ ರಸ್ತೆ ಎಂಬ ಧೈರ್ಯವಿದ್ದರೆ ಎಡಗಾಲಿ ಸಾಲಿನಲ್ಲೇ, ಅಂದರೆ ಕಾರಿನ ಎಡ ಚಕ್ರ ಓಡಿ ಓಡಿ ಸ್ವಚ್ಛವಾದ ಗೆರೆಯಲ್ಲೇ ಹೋಗಿ. ಹಿಂದಿನಿಂದ ಗಾಡಿ ಬಂದಾಗ ಸರಿದರೆ ಸಾಕು.

ಮುಳ್ಳಿನ ಪಂಚರಿನಲ್ಲಿ ಜನ ಮಾಡುವ ತಪ್ಪು ಒಂದೇ: ಟ್ಯೂಬ್ ಬದಲಿಸಿ, ಮುಳ್ಳು ಬಿಟ್ಟು, ಎರಡು ಕಿಲೋಮೀಟರಿಗೆ ಮತ್ತೆ ಕೂರುವುದು. ಮುಳ್ಳಿನ ಹೊರ ತುದಿ ರಬ್ಬರಿಗೆ ಸಮನಾಗಿ ಮುರಿದುಹೋಗಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಒಳಗೆ ಅರ್ಧ ಮಿಲಿಮೀಟರ್ ತುದಿ ಮಾತ್ರ ಎದ್ದಿರುತ್ತದೆ. ಬೆರಳಿಗಿಂತ ಮೊದಲು ಒಂದು ಚೂರು ಹತ್ತಿಯನ್ನೋ ಹಳೇ ಬನಿಯನ್ ಬಟ್ಟೆಯನ್ನೋ ಟೈರಿನ ಒಳಗೆ ಸುತ್ತಲೂ ಎಳೆಯಿರಿ, ನೂಲು ಸಿಕ್ಕಿಕೊಂಡಲ್ಲಿ ಮುಳ್ಳಿದೆ. ಒಳಗಿನಿಂದ ಹೊರಕ್ಕೆ ಉಗುರಿನ ಬದಲು ಅಲೆನ್ ಕೀಯ ತುದಿಯಿಂದ ಒತ್ತಿ, ಹೊರಗೆ ಮೊಳೆತ ತಲೆಯನ್ನು ನೇಲ್ ಕಟರಿನಲ್ಲಿ ಕಚ್ಚಿ ಎಳೆಯಬೇಕು. ಚೀಲದಲ್ಲಿ ನೇಲ್ ಕಟರ್ ಇಟ್ಟುಕೊಳ್ಳುವುದು ತಮಾಷೆಯಾಗಿ ಕಾಣಬಹುದು, ಇಕ್ಕಳಕ್ಕಿಂತ ಇದೇ ಕೆಲಸಕ್ಕೆ ಬರುವುದು. ಟೈರಿನ ಲೇಬಲ್ ಮತ್ತು ಟ್ಯೂಬಿನ ವಾಲ್ವ್ ಯಾವಾಗಲೂ ಒಂದೇ ಜಾಗಕ್ಕೆ ಬರುವಂತೆ ಟೈರು ಕೂರಿಸುವ ಅಭ್ಯಾಸ ಇದ್ದರೆ, ಟ್ಯೂಬಿನ ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರಾಯಿತು.

ಎತ್ತಿನ ಲಾಳದ ಮೊಳೆ ಬೇರೆ ಜಾತಿ. ಮಂಡ್ಯದ ಕಡೆ ಗಾಡಿ ಎತ್ತುಗಳು ಇನ್ನೂ ಇವೆ, ಲಾಳ ಸವೆದಾಗ ಮೊಳೆ ಉದುರುತ್ತದೆ. ಅದನ್ನು ಈ ಟೈರು ಮಾತ್ರವಲ್ಲ, ಯಾವುದೂ ತಡೆಯುವುದಿಲ್ಲ. ಆಗ ಟೈರಿಗೆ ಬೀಳುವ ತೂತೂ ದೊಡ್ಡದು. ಬದಿಯಲ್ಲೇನಾದರೂ ಸೀಳಿದರೆ ಹೊಸ ಟ್ಯೂಬು ಆ ಸೀಳಿನಿಂದ ಗುಳ್ಳೆಯಾಗಿ ಹೊರಗೆ ಉಬ್ಬಿ ಸಿಡಿಯುತ್ತದೆ. ಒಳಗಿನಿಂದ ಒತ್ತು ಕೊಡಲೇಬೇಕು: ಖಾಲಿ ಟೂತ್‌ಪೇಸ್ಟ್ ಟ್ಯೂಬು ಕತ್ತರಿಸಿ ತೊಳೆದು ಒಣಗಿಸಿದ ಎರಡಂಗುಲದ ತುಂಡು, ಅಥವಾ ಹಳೇ ರೋಡ್ ಟೈರಿನ ಬದಿಯ ತುಂಡು. ಒತ್ತು ಕೊಟ್ಟ ಮೇಲೆ ಗಾಳಿ 40–45ಕ್ಕೆ ನಿಲ್ಲಿಸಿ ಮನೆಗೆ ಬರುವುದು. ಬದಿ ಸೀಳಿದ ಟೈರನ್ನು ಮುಂದಿನ ಚಕ್ರಕ್ಕೆ ಮತ್ತೆ ಹಾಕುವ ಉಳಿತಾಯ ಬೇಡ.

ಗಾಳಿಯ ವಿಷಯಕ್ಕೆ ಬರೋಣ, ಇಡೀ ವಿಮರ್ಶೆಯಲ್ಲಿ ಇದೇ ಮುಖ್ಯ. ಟೈರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಪ್ರಮಾಣ ದಾಟಬಾರದ ಗೆರೆಯೇ ಹೊರತು ತುಂಬಿಸಬೇಕಾದ ಅಳತೆಯಲ್ಲ. ಸವಾರ, ಸೈಕಲ್, ನೀರು, ಚೀಲ ಎಲ್ಲ ಸೇರಿ 75 ಕೆಜಿ ಇದ್ದರೆ ಹಿಂದೆ 55, ಮುಂದೆ 52 ಪಿಎಸ್‌ಐಯಿಂದ ಶುರು ಮಾಡಿ. 85 ಕೆಜಿಗೆ 60 ಮತ್ತು 56. 95 ಕೆಜಿಗೆ 66 ಮತ್ತು 62. ಇದು ಟ್ಯೂಬ್ ಹಾಕಿದ 32ಕ್ಕೆ, ಊರ ಡಾಂಬರಿಗೆ. ದಿನದ ಬಹುಪಾಲು ಏರಿಯ ಜಲ್ಲಿ ರಸ್ತೆಯೇ ಆದರೆ ಇನ್ನೊಂದು 4–5 ಇಳಿಸಬಹುದು, ಆದರೆ 45ರ ಕೆಳಗೆ ಹೋದರೆ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಜಜ್ಜಿ ಹಾವು ಕಚ್ಚಿದ ಹಾಗೆ ಎರಡು ತೂತು ಅಕ್ಕಪಕ್ಕ ಬೀಳುತ್ತವೆ. ಅಂಥ ಜೋಡಿ ತೂತು ಕಂಡರೆ ಮುಳ್ಳು ಹುಡುಕುತ್ತ ಕೂರಬೇಡಿ, ಗಾಳಿ ಸಾಲದೆ ಆದದ್ದು ಅದು.

ಕಡಿಮೆ ಗಾಳಿಯೆಂದರೆ ನಿಧಾನ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನುಣುಪು ನೆಲದಲ್ಲಿ ಅದರಲ್ಲಿ ಅರ್ಧ ಸತ್ಯವಿದೆ. ಆದರೆ ಸಿಸಿ ರಸ್ತೆಯ ಪ್ರತಿ ಸಂದಿಗೂ ಸೈಕಲ್ ಮೇಲೆದ್ದು ಕೂರುವಾಗ, ಒರಟು ಜಲ್ಲಿ ಹಾಸಿನಲ್ಲಿ ಕೈ ಜೋಮು ಹಿಡಿಯುವಾಗ, ಮುಂದಕ್ಕೆ ಹೋಗಬೇಕಾದ ಶಕ್ತಿಯೇ ಆ ಎದ್ದಾಟಕ್ಕೆ ಖರ್ಚಾಗುತ್ತದೆ. ಈ ಟೈರಿನ ಬದಿ ತೆಳ್ಳಗಿರುವುದು ಅಲ್ಲೇ ಉಪಯೋಗಕ್ಕೆ ಬರುವುದು, ಕಲ್ಲಿನ ಮೇಲೆ ಬಾಗಿ ಮತ್ತೆ ನೇರವಾಗಲು ಅದಕ್ಕೆ ಹೆಚ್ಚು ಶಕ್ತಿ ಬೇಡ. ಹಾಗಾಗಿ ಗಾಳಿ ಇಳಿಸಿದರೆ ಈ ಟೈರು ವೇಗ ಕಳೆದುಕೊಳ್ಳುವುದಿಲ್ಲ. ಗಟ್ಟಿ ಬದಿಯ ಟೈರುಗಳು ಕಳೆದುಕೊಳ್ಳುತ್ತವೆ. ಬೆಲೆಯ ವ್ಯತ್ಯಾಸಕ್ಕೆ ನಿಜವಾದ ಕಾರಣ ಇದೇ.

ಅಳೆಯುವುದು ಬೆಳಿಗ್ಗೆ ಹೊರಡುವ ಮುನ್ನ, ನೆಲದ ಪಂಪಿನಲ್ಲಿ, ಪ್ರತಿ ಸಲವೂ ಒಂದೇ ಗೇಜಿನಲ್ಲಿ. 18 ಡಿಗ್ರಿಯ ಬೆಳಗಿನಲ್ಲಿ 60 ತುಂಬಿಸಿದ್ದು, ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಸೈಕಲ್ಲಿನ ಟೈರು 45 ಡಿಗ್ರಿಗೆ ಕಾದಾಗ ಆರೇಳು ಪಿಎಸ್‌ಐ ಏರಿರುತ್ತದೆ. ಬೇಸಿಗೆಯಲ್ಲಿ ಮೂರು ಪಿಎಸ್‌ಐ ಕಡಿಮೆ ತುಂಬಿಸಿ ಹೊರಟರೆ ಸರಿಹೋಗುತ್ತದೆ. ಊರಿನ ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಈ ಟೈರಿಗೆ ಗಾಳಿ ಹೊಡೆಸುವಾಗ ಹುಷಾರು. ಲಾರಿ ಟೈರಿಗೆಂದು ಇಟ್ಟ ಒತ್ತಡ ಅದು, 32ರ ಸಣ್ಣ ಟ್ಯೂಬು ಎರಡು ಸೆಕೆಂಡಿನಲ್ಲಿ ಮಿತಿ ದಾಟುತ್ತದೆ. ಪಿಸ್ ಪಿಸ್ ಎಂದು ತುಸು ತುಸುವೇ ಬಿಡಲು ಹೇಳಿ, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿರಿ. ನಿಮ್ಮ ಪ್ರೆಸ್ಟಾ ವಾಲ್ವಿಗೆ (ರೋಡ್ ಸೈಕಲ್ಲಿನ ತೆಳು ವಾಲ್ವು) ಆ ಪೈಪು ಕೂರುವುದೂ ಇಲ್ಲ, ಹಿತ್ತಾಳೆಯ ಪುಟ್ಟ ಅಡಾಪ್ಟರ್ ಜೇಬಿನಲ್ಲಿ ಇರಲೇಬೇಕು. ಇಪ್ಪತ್ತು ಮೂವತ್ತು ರೂಪಾಯಿಯ ಆ ಬಿರಡೆ ಇಲ್ಲದೆ ಅರಕೆರೆಯಿಂದ ಶ್ರೀರಂಗಪಟ್ಟಣದವರೆಗೆ ಸೈಕಲ್ ತಳ್ಳುವವರನ್ನು ಕಾಣಬಹುದು.

ಟ್ಯೂಬು 700x28–32ರದ್ದು, ಸಾದಾ ಬ್ಯೂಟೈಲ್ (ಮಾಮೂಲಿ ಕಪ್ಪು ರಬ್ಬರಿನದು) ಸಾಕು. 35–40 ಗ್ರಾಂ ತೂಗುವ ಟಿಪಿಯು ಎಂಬ ತೆಳು ಪ್ಲಾಸ್ಟಿಕ್ಕಿನ ಟ್ಯೂಬುಗಳು ಈಗ ಎಲ್ಲ ಕಡೆ ಸಿಗುತ್ತವೆ, ಹಗುರವೂ ಹೌದು, ಚೀಲದಲ್ಲಿ ಬೆಂಕಿಪೊಟ್ಟಣದಷ್ಟೇ ಜಾಗ. ಬಿಡಿ ಟ್ಯೂಬಾಗಿ ಇಟ್ಟುಕೊಳ್ಳಲು ಅದೇ ಸರಿ. ಚಕ್ರದೊಳಗೆ ಮಾತ್ರ ಬ್ಯೂಟೈಲ್ ಇರಲಿ, ಏಕೆಂದರೆ ಟಿಪಿಯುಗೆ ಊರಿನ ಸಲ್ಯೂಷನ್, ರಬ್ಬರ್ ಪ್ಯಾಚು ಅಂಟುವುದಿಲ್ಲ. ಬ್ಯೂಟೈಲನ್ನು ಯಾವ ಹಳ್ಳಿಯ ಅಂಗಡಿಯವರೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಹೊಸ ಟೈರು ಮೊದಲ ಸಲ ಬಿಗಿ. ಕೆಲವು ರಿಮ್ಮುಗಳಲ್ಲಿ ಬೈಗುಳ ಬಾಯಿಗೆ ಬರುವಷ್ಟು ಬಿಗಿ. ಮಡಿಕೆ ಬಿಚ್ಚಿ ಒಂದರ್ಧ ಗಂಟೆ ಬಿಸಿಲಿಗೆ ಹರವಿಟ್ಟರೆ ಅಂಚು ಮೆದುವಾಗುತ್ತದೆ. ಬದಿಯಲ್ಲಿ ತಿರುಗುವ ದಿಕ್ಕಿನ ಬಾಣ ಇದೆ, ನೋಡಿಕೊಳ್ಳಿ. ಒಂದು ಬದಿಯ ಅಂಚು ಕೂರಿಸಿ, ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟು ಒಳಗೆ ಸೇರಿಸಿ. ಎರಡನೆಯ ಅಂಚನ್ನು ವಾಲ್ವಿನ ಎದುರು ತುದಿಯಿಂದ ಶುರು ಮಾಡಿ ಎರಡೂ ಕೈಯಲ್ಲಿ ವಾಲ್ವಿನ ಕಡೆಗೆ ತಳ್ಳುತ್ತ ಬರಬೇಕು. ಹೆಚ್ಚಿನವರು ವಾಲ್ವಿನಿಂದ ಶುರು ಮಾಡಿ ಎದುರು ತುದಿಯಲ್ಲಿ ಒದ್ದಾಡುತ್ತಾರೆ. ವಾಲ್ವು ಇರುವ ಕಡೆ ಟೈರಿನ ಅಂಚು ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಯಲು ಆಗುವುದಿಲ್ಲ, ಅಲ್ಲಿ ಮೊದಲೇ ಕೂರಿಸಿಬಿಟ್ಟರೆ ಬೇಕಾದ ಸಡಿಲ ಅಲ್ಲೇ ಕಳೆದುಹೋಗುತ್ತದೆ. ಕೊನೆಯ ನಾಲ್ಕಂಗುಲಕ್ಕೆ ಬಂದಾಗ ಮತ್ತೆ ಎದುರು ತುದಿಗೆ ಹೋಗಿ, ಸುತ್ತಲೂ ಎರಡೂ ಅಂಚನ್ನು ಹಿಂಡಿ ಹಳ್ಳಕ್ಕೆ ಇಳಿಸಿ ಬನ್ನಿ. ಆಗಲೂ ಏರದಿದ್ದರೆ ಪ್ಲಾಸ್ಟಿಕ್ ಲಿವರ್. ಸ್ಕ್ರೂ ಡ್ರೈವರ್, ಚಮಚ ಬೇಡವೇ ಬೇಡ. ಏರಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಅಂಚಿನ ಕೆಳಗೆ ಟ್ಯೂಬು ಸಿಕ್ಕಿದ್ದರೆ ಬಿಟ್ಟುಕೊಳ್ಳುತ್ತದೆ. 30 ಪಿಎಸ್‌ಐ ತುಂಬಿಸಿ ನಿಲ್ಲಿಸಿ ಚಕ್ರ ತಿರುಗಿಸಿ ನೋಡಬೇಕು: ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲಿರುವ ತೆಳು ಗೆರೆ ಸುತ್ತಲೂ ಒಂದೇ ಎತ್ತರದಲ್ಲಿದ್ದರೆ ಕೂತಿದೆ ಎಂದರ್ಥ. ಒಂದು ಕಡೆ ಮುಳುಗಿದ್ದರೆ ಗಾಳಿ ಬಿಟ್ಟು, ಅಲ್ಲಿಗೆ ಸೋಪಿನ ನೀರು ಸವರಿ, ಮತ್ತೆ ತುಂಬಿಸಿ.

ರಸ್ತೆಯ ಮೇಲೆ ಹಿಡಿತ ಹೇಗಿದೆ? ಒಣ ಡಾಂಬರಿನಲ್ಲಿ ಮಾತಿಲ್ಲ. ಒದ್ದೆ ಡಾಂಬರಿನಲ್ಲೂ ಇದೇ ಕಂಪನಿಯ ಗೇಟರ್‌ಸ್ಕಿನ್‌ಗಿಂತ ಎಷ್ಟೋ ವಾಸಿ. ಗೇಟರ್‌ಸ್ಕಿನ್ ಬಾಳಿಕೆಗೆ ಹೆಸರಾದದ್ದು, ಮಳೆಯ ತಿರುವಿಗಲ್ಲ. ಆದರೆ ನಾಲೆ ಬಯಲಿನಲ್ಲಿ ಜಾರಿಸುವುದು ಬರೀ ನೀರಲ್ಲ. ನಾಟಿ ಸಮಯದಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರು ಅಂಗೈಯಗಲದ ಕೆಸರು ಹೆಂಟೆಗಳನ್ನು ರಸ್ತೆಗೆ ಉದುರಿಸಿಕೊಂಡು ಹೋಗುತ್ತದೆ. ಒಣಗಿದರೆ ಅವು ಕಲ್ಲಿನಂತೆ ಬಡಿಯುತ್ತವೆ, ಹನಿ ಬಿದ್ದರೆ ಸೋಪು. ನೆತ್ತಿಯಲ್ಲಿ ಗೀರುಗಳಿಲ್ಲದ ಈ ನುಣುಪು ಟೈರಿಗೆ ಆ ಕೆಸರಿನಲ್ಲಿ ಕಚ್ಚಿಕೊಳ್ಳಲು ಏನೂ ಇಲ್ಲ. ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ರಸ್ತೆಗೆ ಹತ್ತಿದ ಟ್ರ್ಯಾಕ್ಟರು ಡಾಂಬರಿನ ಮೇಲೆ ಅಡ್ಡಡ್ಡ ಗೀರಿ ಹಾಕಿದ ಜಾಗಗಳೂ ಇರುತ್ತವೆ, ಅಲ್ಲಿ 32ರ ಅಗಲ ಕಾಯುತ್ತದೆ. 25 ಆಗಿದ್ದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದೆ.

ತೂಬು, ಉಪನಾಲೆ ಸೋರಿ ರಸ್ತೆಗೆ ಅಡ್ಡ ನೀರು ಹರಿಯುವ ಕಡೆ ತೆಳ್ಳಗೆ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಸೈಕಲ್ ನೇರ ಇಟ್ಟು, ಬ್ರೇಕು ಬಿಟ್ಟು, ತುಳಿಯದೆ ದಾಟಬೇಕು. ವಿ.ಸಿ. ನಾಲೆಯ ಏರಿಯಲ್ಲಿ ತಡೆಗೋಡೆ ಇಲ್ಲದ ಉದ್ದಗಳಿವೆ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಇದೇ ನಾಲೆಗೆ ಉರುಳಿ 30 ಮಂದಿ ಜೀವ ಕಳೆದುಕೊಂಡರು. ಸೈಕಲ್ಲಿನವರು ನಾಲೆ ಯಾವ ಬದಿಗಿದೆ ನೋಡಿಕೊಂಡು, ಅಂಚಿನಿಂದ ಕನಿಷ್ಠ ಎರಡು ಮಾರು ಈಚೆಗಿರಬೇಕು. ಜೊತೆಯಲ್ಲಿ ಇಬ್ಬರಿದ್ದರೆ ಇಲ್ಲಿ ಒಬ್ಬರ ಹಿಂದೊಬ್ಬರು.

ನವೆಂಬರಿನಿಂದ ಜನವರಿವರೆಗೆ ರಾಗಿ, ಹುರುಳಿ ಒಕ್ಕಣೆ ರಸ್ತೆಯ ಮೇಲೇ ನಡೆಯುತ್ತದೆ. ಕಟಾವಾದ ಪೈರನ್ನು ಅರ್ಧ ರಸ್ತೆಗೆ ಮೊಣಕಾಲುದ್ದ ಹರಡಿ, ಬಸ್ಸು ಲಾರಿ ತುಳಿಯಲೆಂದು ಬಿಟ್ಟು, ರಾಶಿಯ ಅಂಚಿಗೆ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಲ್ಲು ಹುಲ್ಲಿನೊಳಗೆ ಅರ್ಧ ಮುಚ್ಚಿಹೋಗಿರುತ್ತದೆ. ಟೈರಿಗೆ ಹುಲ್ಲಿನಿಂದ ಏನೂ ಆಗುವುದಿಲ್ಲ. ಆಗುವುದು ಹಿಂದಿನ ಡೀರೇಲರಿಗೆ, ಅಂದರೆ ಗೇರು ಬದಲಿಸುವ ಭಾಗಕ್ಕೆ. ಉದ್ದದ ಹುರುಳಿ ಬಳ್ಳಿಯೊಂದು ಅದರ ಪುಟ್ಟ ಹಲ್ಲುಗಾಲಿಗೆ (ಜಾಕಿ ವೀಲ್) ಸುತ್ತಿಕೊಂಡರೆ, ಎರಡು ಸುತ್ತು ತುಳಿಯುವಷ್ಟರಲ್ಲಿ ಡೀರೇಲರು ಚಕ್ರದ ಕಡ್ಡಿಗಳಿಗೆ ಸಿಕ್ಕಿ, ಅದನ್ನು ಹಿಡಿದಿರುವ ಹ್ಯಾಂಗರ್ ಮುರಿಯುತ್ತದೆ. ಒಕ್ಕಣೆ ಕಂಡ ಕೂಡಲೇ ಇಳಿದು ಸೈಕಲನ್ನು ಎತ್ತಿಕೊಂಡು ಹೋಗುವುದು ಹತ್ತು ಹೆಜ್ಜೆಯ ಕೆಲಸ. ಕಾಳು ತೂರುತ್ತಿರುವವರಿಗೂ ಅದೇ ಅನುಕೂಲ. ಕಬ್ಬು ಅರೆಯುವ ಕಾಲದಲ್ಲಿ ಆಲೆಮನೆಗಳ ಎದುರು ಒಣಹಾಕಿದ ಸಿಪ್ಪೆ, ಗಾಡಿಯಿಂದ ಉದುರಿದ ತರಗು ಇದೇ ಕೆಲಸ ಮಾಡುತ್ತವೆ, ಸ್ವಲ್ಪ ಕಡಿಮೆ ಪ್ರಮಾಣದಲ್ಲಿ.

ಬಾಳಿಕೆ ಸಾಧಾರಣ. ಹಿಂದಿನ ಚಕ್ರದಲ್ಲಿ 4000ರಿಂದ 6000 ಕಿ.ಮೀ. ಎಂದು ಇಟ್ಟುಕೊಳ್ಳಿ, ಒರಟು ಸಿಸಿ ರಸ್ತೆಯೇ ಹೆಚ್ಚಾದರೆ ಕೆಳಗಿನ ಲೆಕ್ಕ. ನೆತ್ತಿಯಲ್ಲಿ ಎರಡು ಪುಟ್ಟ ಗುಳಿಗಳಿವೆ, ಅವು ಮಾಯವಾದಾಗ ಟೈರಿನ ಆಯಸ್ಸು ಮುಗಿಯಿತು. ನಮ್ಮ ರಸ್ತೆಗಳಲ್ಲಿ ಗುಳಿ ಮಾಯವಾಗುವ ಮೊದಲೇ ಜಲ್ಲಿಯ ಕೊಯ್ತಗಳು ಟೈರನ್ನು ಮುಗಿಸುವುದುಂಟು. ವಾರಕ್ಕೊಮ್ಮೆ ಗಾಳಿ ಬಿಟ್ಟು, ನೆತ್ತಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೊಯ್ತದೊಳಗೆ ಕೂತ ಜಲ್ಲಿ ಚೂರುಗಳನ್ನು ದಪ್ಪ ಸೂಜಿಯಿಂದ ಕೀಳಬೇಕು. ಇಂದು ಮೇಲೆ ಕೂತ ಚೂರು ಮುಂದಿನ ವಾರ ನೂಲಿನವರೆಗೆ ಇಳಿದಿರುತ್ತದೆ. ಹಿಂದಿನದು ಸವೆದಾಗ ಮುಂದಿನ ಟೈರನ್ನು ಹಿಂದಕ್ಕೆ ಹಾಕಿ ಹೊಸದನ್ನು ಮುಂದೆ ಹಾಕುವುದು ಕ್ರಮ. ಹಿಂದೆ ಸವೆದದ್ದನ್ನು ಮುಂದಕ್ಕೆ ತರುವುದು ಯಾವ ಕಾರಣಕ್ಕೂ ಬೇಡ: ಮುಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯ ಇರುವುದಿಲ್ಲ. ಅಂದಹಾಗೆ ಕಂದು ಬದಿಯದ್ದು ಫೋಟೋದಲ್ಲಿ ಚೆಂದ. ಕೆಮ್ಮಣ್ಣಿನ ಏರಿಯಲ್ಲಿ ಒಂದು ತಿಂಗಳಿಗೆ ಅದರ ಬಣ್ಣ ಕಂದೂ ಅಲ್ಲ ಕಪ್ಪೂ ಅಲ್ಲ.

ಟ್ಯೂಬ್‌ಲೆಸ್ ಎಸ್ ಟಿಆರ್ ತಗೊಳ್ಳಬೇಕೇ? ಜಾಲಿ ಮುಳ್ಳಿಗೆ ಅದೇ ಮದ್ದು ಎನ್ನುವುದು ನಿಜ. ಒಳಗೆ ಹಾಕುವ ಸೀಲೆಂಟ್ ಎಂಬ ದ್ರವ ಮುಳ್ಳಿನ ತೂತನ್ನು ಸವಾರನಿಗೆ ಗೊತ್ತಾಗುವ ಮೊದಲೇ ಮುಚ್ಚುತ್ತದೆ, ಗಾಳಿಯನ್ನೂ ಐದಾರು ಪಿಎಸ್‌ಐ ಕಡಿಮೆ ಇಡಬಹುದು. ಒಂದೊಂದು ಟೈರಿಗೆ 45–50 ಮಿ.ಲೀ. ಬೇಕು. ಆದರೆ ನಮ್ಮ ಬೇಸಿಗೆಯಲ್ಲಿ ಅದು ಎರಡು ತಿಂಗಳಿಗೆ ಒಣಗಿ ಒಳಗೆ ರಬ್ಬರಿನ ಚಕ್ಕೆಯಾಗಿರುತ್ತದೆ, ಮರುಪೂರಣ ಮರೆತವನಿಗೆ ಟ್ಯೂಬ್‌ಲೆಸ್ ಎನ್ನುವುದು ಬರೀ ಭಾರ. ವಾರಕ್ಕೆ ಮೂರು ದಿನ ತುಳಿಯುವವರು, ಮನೆಯಲ್ಲಿ ಒಳ್ಳೆಯ ಪಂಪ್ ಇಟ್ಟುಕೊಂಡು ಕೈ ಕೆಸರು ಮಾಡಿಕೊಳ್ಳಲು ಬೇಸರವಿಲ್ಲದವರು ಅದನ್ನೇ ತಗೊಳ್ಳಲಿ. ತಿಂಗಳಿಗೆರಡು ಭಾನುವಾರ ಹೋಗುವವರಿಗೆ ಟ್ಯೂಬೇ ಸುಖ.

ಇದೇ ಮನೆಯ ಬೇರೆ ಟೈರುಗಳ ಜೊತೆ ಹೋಲಿಸುವುದಾದರೆ, ಅಲ್ಟ್ರಾ ಸ್ಪೋರ್ಟ್ 3 ಕಡಿಮೆ ಬೆಲೆಯದು, ಹೊಸಬರಿಗೆ ಸಾಕು. ಗ್ರ್ಯಾಂಡ್ ಪ್ರಿ 4 ಸೀಸನ್ ಎನ್ನುವುದರಲ್ಲಿ ವೆಕ್ಟ್ರಾನ್ ಪಟ್ಟಿ ಎರಡು ಪದರ, ಬದಿಗೂ ಡ್ಯೂರಾಸ್ಕಿನ್ ಎಂಬ ನೇಯ್ಗೆಯ ಹೊದಿಕೆ. 5000ದಷ್ಟು ಸಲೀಸಾಗಿ ಉರುಳದು, ಆದರೆ ಏರಿಯ ಜಲ್ಲಿಗೆ ಎದೆಕೊಡುತ್ತದೆ. ಶ್ವಾಲ್ಬೆ ಎಂಬ ಇನ್ನೊಂದು ಕಂಪನಿಯ ಮ್ಯಾರಥಾನ್ ಬೇರೆಯೇ ಲೋಕ: ನೆತ್ತಿಯಡಿ 3 ಮಿ.ಮೀ. ದಪ್ಪದ ರಬ್ಬರ್ ಪದರ, ಪಂಚರಿನ ಮಾತೇ ಮರೆಯಬಹುದು, ತೂಕ ಮಾತ್ರ 5000ದ ಎರಡು ಪಟ್ಟಿಗೂ ಹೆಚ್ಚು. ಚೀಲ ಕಟ್ಟಿಕೊಂಡು ಮಡಿಕೇರಿಯಿಂದ ತಲಕಾಡಿನವರೆಗೆ ನಾಲ್ಕು ದಿನ ಹೋಗುವವರಿಗೆ ಅದು. ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುವವರಿಗಲ್ಲ.

ಎರಡಕ್ಕೂ ಒಂದೇ ಟೈರು ಇರಬೇಕೆಂಬ ನಿಯಮವೇನೂ ಇಲ್ಲ. ಈ ಕಣಿವೆಗೆ ಅತಿ ಹೊಂದುವ ಜೋಡಿ: ಮುಂದೆ 5000ದ 32, ಹಿಂದೆ 4 ಸೀಸನ್‌ನ 32. ಹಿಡಿತ ಬೇಕಾದದ್ದು ಮುಂದೆ. ಭಾರ ಬೀಳುವುದು, ಸವೆಯುವುದು, ಹೆಚ್ಚು ಪಂಚರಾಗುವುದು ಹಿಂದೆ. ಹಿಂದಿನದು ಪಂಚರಾದರೆ ಚೈನು ಬಿಡಿಸಿ ಕೈ ಕರಿ ಮಾಡಿಕೊಳ್ಳಬೇಕು ಬೇರೆ. ಮಾರ್ಚಿನಿಂದ ಮೇವರೆಗೆ, ಒಕ್ಕಣೆ ಮುಗಿದು ರಸ್ತೆ ಸ್ವಚ್ಛವಿರುವಾಗ ಎರಡಕ್ಕೂ 5000 ಹಾಕಿಕೊಂಡು ಓಡಿಸಿದರೆ ಅದರ ಮಜವೇ ಬೇರೆ. ಆಗಲೂ ಬೇಲಿ ಸವರಿದ ಕಡೆ ಕಣ್ಣಿರಲಿ.

ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಹಾಗಾಗಿ ಎರಡು ಮೂರು ಕಡೆ ಕೇಳಿಯೇ ಕೊಳ್ಳಿ. ತೀರಾ ಅಗ್ಗಕ್ಕೆ ಸಿಕ್ಕರೆ ಅನುಮಾನಪಡಬೇಕು. ಅಂಗಡಿಯ ಕಿಟಕಿಯಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನೇತಾಡಿದ ಟೈರು ಬೇಡ. ಮಡಿಕೆ ಬಿಚ್ಚಿ, ಬದಿಯನ್ನು ಎರಡು ಬೆರಳಲ್ಲಿ ಬಗ್ಗಿಸಿ ನೋಡಿ, ಕೂದಲೆಳೆಯ ಬಿರುಕು ಕಂಡರೆ ಎಷ್ಟೇ ರಿಯಾಯಿತಿ ಕೊಟ್ಟರೂ ವಾಪಸ್ಸು ಕೊಟ್ಟುಬಿಡಿ. ಕೊಂಡದ್ದನ್ನು ಮನೆಯಲ್ಲಿ ಇಡುವುದಾದರೆ ಕತ್ತಲೆಯ ಬೀರುವಿನಲ್ಲಿ, ಇನ್ವರ್ಟರ್ ಬ್ಯಾಟರಿಯಿಂದ ದೂರದಲ್ಲಿ.